ಶುಂಠಿ, ನಿಂಬೆ ಮತ್ತು ತಾಮ್ರದ ಬಟ್ಟಲು

ಬೇಸಗೆಯ ನಡುಹಗಲಲ್ಲಿ ಬಾದಾಮಿಯ ಕೆಂಗಲ್ಲಿನ ಗುಡ್ಡಗಳು ಹೇಗೆ ಕಾಯುತ್ತವೆಂಬುದನ್ನು ಅಲ್ಲಿ ನಡೆದಾಡಿದವರೇ ಬಲ್ಲರು. ಗುಹಾಲಯಗಳನ್ನು ನೋಡಿ, ಬನಶಂಕರಿಗೆ ಕೈಮುಗಿದು, ಮಲಪ್ರಭೆಯ ದಡದಲ್ಲಿರುವ ಶಿವಯೋಗ ಮಂದಿರವನ್ನು ಸೇರುವ ಹೊತ್ತಿಗೆ ಯಾತ್ರಿಕನ ಅಂಗಿ ಒಮ್ಮೆ ತೊಯ್ದು, ಮತ್ತೊಮ್ಮೆ ಒಣಗಿ, ಬೆನ್ನಿನ ಮೇಲೆ ಬಿಳಿಯ ಗೆರೆಗಳು ಮೂಡಿರುತ್ತವೆ. ಆ ಗೆರೆಗಳು ಉಪ್ಪು. ಅವನ ರಕ್ತದಲ್ಲಿದ್ದ ಉಪ್ಪು ಬೆವರಿನೊಡನೆ ಹೊರಬಂದು, ನೀರು ಆರಿದ ಮೇಲೆ ಬಟ್ಟೆಯಲ್ಲಿ ಉಳಿದಿದೆ. ಇಂಥ ಸಮಯದಲ್ಲಿ ಯಾರಾದರೂ ಪುಣ್ಯಾತ್ಮರು ಒಂದು ಲೋಟ ತಣ್ಣನೆಯ ಪಾನಕವನ್ನು ಕೈಗಿತ್ತರೆ ಅದರ ರುಚಿಯನ್ನು ಬಣ್ಣಿಸಲು ಕವಿಯೇ ಬೇಕು. ನಾವು ಕವಿಗಳಲ್ಲ, ಆ ಲೋಟದಲ್ಲಿ ಏನಿದೆ, ಅದು ಏನು ಮಾಡುತ್ತದೆ ಎಂಬುದನ್ನು ಮಾತ್ರ ವಿಚಾರಿಸಬಲ್ಲೆವು.

ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ವೀರಶೈವ ವಟುಗಳ ಶಿಕ್ಷಣಕ್ಕಾಗಿ ಸ್ಥಾಪಿಸಿದರು. ಇಲ್ಲಿ ತಯಾರಾಗುವ ವಿಭೂತಿ ಕನ್ನಡ ನಾಡಿನಾದ್ಯಂತ ಪ್ರಸಿದ್ಧ. ಬಾದಾಮಿಯಿಂದ ಹುನಗುಂದ, ಇಳಕಲ್ಲುಗಳವರೆಗಿನ ಈ ಸೀಮೆ ಮಳೆ ಕಡಿಮೆಯ, ಒಣಗಾಳಿಯ ಸೀಮೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಇಲ್ಲಿ ಅಪರೂಪವಲ್ಲ. ನಮ್ಮ ದೇಹದ ಉಷ್ಣಮಾನವೋ ಸುಮಾರು 37 ಡಿಗ್ರಿ. ಬಿಸಿಯು ಯಾವಾಗಲೂ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ಹರಿಯುವುದಷ್ಟೆ. ಹಾಗಾದರೆ ಅಂಥ ದಿನ ದೇಹದ ಬಿಸಿ ಗಾಳಿಗೆ ಹೋಗುವುದಿರಲಿ, ಗಾಳಿಯ ಬಿಸಿಯೇ ದೇಹಕ್ಕೆ ನುಗ್ಗತೊಡಗುತ್ತದೆ. ಆಗ ಉಳಿಯುವ ಹಾದಿ ಒಂದೇ: ಬೆವರು ಆರುವುದು. ಒಂದು ಗ್ರಾಂ ಬೆವರು ಚರ್ಮದ ಮೇಲಿಂದ ಆವಿಯಾಗಿ ಹೋಗುವಾಗ ಸುಮಾರು 580 ಕೆಲೊರಿಗಳಷ್ಟು ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಬಿಸಿಲಿನಲ್ಲಿ ದುಡಿಯುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರಬಹುದು. ಈ ನೀರನ್ನು ಹಿಂತಿರುಗಿಸಬೇಕು, ಅದರೊಡನೆ ಹೋದ ಉಪ್ಪನ್ನೂ ಹಿಂತಿರುಗಿಸಬೇಕು. ಪಾನಕದ ನಿಜವಾದ ಕೆಲಸ ಇಷ್ಟು. ಉಳಿದುದೆಲ್ಲ ನಾಲಗೆಯ ಉಪಚಾರ. ಆದರೆ ನಾಲಗೆಯ ಉಪಚಾರವನ್ನು ತಾತ್ಸಾರ ಮಾಡುವುದು ಬೇಡ; ರುಚಿಯಿಲ್ಲದ ನೀರನ್ನು ಬಾಯಾರಿದವನೂ ಸಾಕಷ್ಟು ಕುಡಿಯುವುದಿಲ್ಲ.

ಪಾನಕವು ನಮ್ಮಲ್ಲಿ ಇಂದು ನಿನ್ನೆಯ ವಸ್ತುವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನದಂತೆಯೇ ಪಾನೀಯವೂ ಅರಸನ ಭೋಗಗಳಲ್ಲೊಂದು. ರಾಮನವಮಿಯ ದಿನ ಪಾನಕ ಕೋಸಂಬರಿಗಳಿಲ್ಲದ ಮನೆ ಕಡಿಮೆ.

ಇದೇ ಶುಂಠಿ, ಇದೇ ನಿಂಬೆ ಸಮುದ್ರದಾಚೆ ಬೇರೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. 1940ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ‘ಮಾಸ್ಕೋ ಮ್ಯೂಲ್’, ಎಂದರೆ ಮಾಸ್ಕೋದ ಹೇಸರಗತ್ತೆ, ಎಂಬ ವಿಚಿತ್ರ ಹೆಸರಿನ ಪಾನೀಯವೊಂದು ಹುಟ್ಟಿತು. ಶುಂಠಿಯ ನೊರೆನೀರು, ನಿಂಬೆಯ ರಸ, ವೋಡ್ಕಾ ಎಂಬ ಮದ್ಯ, ಇವು ಮೂರನ್ನು ಮಂಜುಗಡ್ಡೆಯೊಡನೆ ತಾಮ್ರದ ಬಟ್ಟಲಿನಲ್ಲಿ ಬೆರೆಸಿ ಕೊಡುವುದು ಅದರ ಪದ್ಧತಿ. ಬೇಸಗೆಗೆ ತಂಪು, ಮನೆಯಲ್ಲೇ ಮಾಡಿಕೊಳ್ಳಬಹುದು ಎಂದು ಅದಕ್ಕೆ ಇಂದಿಗೂ ಪ್ರಚಾರವುಂಟು. ಅದರ ಮೂರು ಪದಾರ್ಥಗಳಲ್ಲಿ ಎರಡು ನಮ್ಮ ಪಾನಕದವು. ಮೂರನೆಯದು ಮದ್ಯ; ನಾಲ್ಕನೆಯದು, ಯಾರೂ ಲೆಕ್ಕಕ್ಕೆ ಹಿಡಿಯದ ಆ ಬಟ್ಟಲು. ಈ ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸೋಣ. ಮಠದ ಅಂಗಳದಲ್ಲಿ ಕುಳಿತು ವೋಡ್ಕಾದ ಮಾತೇ ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಅದನ್ನು ಲೋಟದಿಂದ ಹೊರಗಿಡುವುದಕ್ಕೂ ಕಾರಣ ತಿಳಿದಿರಬೇಕಲ್ಲವೆ?

ವೋಡ್ಕಾ ಎಂಬುದು ಬಹುಮಟ್ಟಿಗೆ ಎರಡೇ ವಸ್ತುಗಳ ಬೆರಕೆ: ನೂರಕ್ಕೆ ಸುಮಾರು 40 ಪಾಲು ಮದ್ಯಸಾರ, ಉಳಿದುದು ನೀರು. ಗೋಧಿ, ರೈ ಮುಂತಾದ ಧಾನ್ಯಗಳನ್ನೋ ಬಟಾಟೆಯನ್ನೋ ಹುಳಿಯಿಸಿ ಬಟ್ಟಿ ಇಳಿಸಿ, ಅನೇಕ ವೇಳೆ ಇದ್ದಿಲಿನ ಮೂಲಕ ಸೋಸಿ, ರುಚಿ ವಾಸನೆಗಳನ್ನು ಆದಷ್ಟು ತೆಗೆದುಹಾಕಿರುತ್ತಾರೆ. ಎಂದರೆ ಈ ಪಾನೀಯಕ್ಕೆ ರುಚಿಯನ್ನು ಕೊಡುವುದು ಶುಂಠಿ ನಿಂಬೆಗಳೇ ಹೊರತು ವೋಡ್ಕಾ ಅಲ್ಲ. ನೀರು ಮದ್ಯಸಾರಗಳ ಬೆರಕೆಯು ರಸಾಯನಶಾಸ್ತ್ರದ ಇತಿಹಾಸದಲ್ಲಿ ಒಂದು ಗೌರವದ ಸ್ಥಾನವನ್ನು ಪಡೆದಿದೆ. ಮೂಲವಸ್ತುಗಳ ಆವರ್ತಕೋಷ್ಟಕವನ್ನು ರಚಿಸಿದ ಮೆಂಡಲೀಫರು 1865ರಲ್ಲಿ ತಮ್ಮ ಪ್ರೌಢಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಇದೇ. 50 ಘನ ಸೆಂಟಿಮೀಟರ್ ನೀರಿಗೆ 50 ಘನ ಸೆಂಟಿಮೀಟರ್ ಮದ್ಯಸಾರವನ್ನು ಬೆರೆಸಿದರೆ ನೂರು ಆಗುವುದಿಲ್ಲ. ಸುಮಾರು 96, 97 ಆಗುತ್ತದೆ. ಎರಡರ ಅಣುಗಳೂ ಒಂದನ್ನೊಂದು ಎಳೆದುಕೊಂಡು ಒತ್ತಾಗಿ ನಿಲ್ಲುವುದೇ ಇದಕ್ಕೆ ಕಾರಣ. ವೋಡ್ಕಾಕ್ಕೆ 40 ಪಾಲಿನ ಕಟ್ಟಳೆಯನ್ನು ವಿಧಿಸಿದವರೂ ಅವರೇ ಎಂಬ ಮಾತು ಮಾತ್ರ ಬರಿಯ ದಂತಕಥೆ.

ಇದು ತಂಪೆ? ಕುಡಿದವನಿಗೆ ಮುಖ ಕೆಂಪಾಗಿ ಮೈ ಬೆಚ್ಚಗಾದಂತೆ ತೋರುತ್ತದೆ. ಮದ್ಯಸಾರವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಹೀಗಾಗುವುದು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ದೇಹದಲ್ಲಿ ನೀರು ಕಡಿಮೆಯಾದಾಗ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ; ‘ನೀರನ್ನು ಹಿಡಿದಿಟ್ಟುಕೊಳ್ಳಿ’ ಎಂದು ಮೂತ್ರಪಿಂಡಗಳಿಗೆ ಹೋಗುವ ಓಲೆ ಅದು. ಮದ್ಯಸಾರ ಆ ಓಲೆಯನ್ನೇ ತಡೆಯುತ್ತದೆ. ಮೂತ್ರಪಿಂಡಗಳು ಅಪ್ಪಣೆ ಬಾರದೆ ನೀರನ್ನು ಹೊರಕ್ಕೆ ಬಿಡುತ್ತವೆ. ಬಾಯಾರಿದವನಿಗೆ ನೀರನ್ನು ಕೊಡಬೇಕಾದ ಪಾನೀಯವೇ ನೀರನ್ನು ಕಸಿದುಕೊಂಡರೆ ಅದು ಬೇಸಗೆಯ ಗೆಳೆಯನಾಗುವುದು ಹೇಗೆ? ಸಾಲದುದಕ್ಕೆ ಅದು ವಿವೇಚನೆಯನ್ನೂ ಮಂಕುಗೊಳಿಸುವುದರಿಂದ ಬಿಸಿಲು ತಲೆಗೇರುತ್ತಿರುವುದು ಕುಡಿದವನ ಅರಿವಿಗೆ ಬರುವುದು ತಡವಾಗುತ್ತದೆ.

ಮದ್ಯದ ಮಾತನ್ನು ಮುಗಿಸುವ ಮೊದಲು ಇನ್ನೊಂದು ವಿಷಯವನ್ನು ಹೇಳದೆ ಇರುವಂತಿಲ್ಲ. ಮದ್ಯಸಾರಗಳ ಕುಟುಂಬದಲ್ಲಿ ಮಿಥೈಲ್ ಮದ್ಯಸಾರ ಎಂಬ ಸೋದರನಿದ್ದಾನೆ. ಬಣ್ಣದಲ್ಲಿ ಭೇದವಿಲ್ಲ, ವಾಸನೆಯಲ್ಲಿ ಸಾಮಾನ್ಯರು ಗುರುತಿಸುವಷ್ಟು ಭೇದವಿಲ್ಲ. ಆದರೆ ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಕೊಂದು, ಬಳಿಕ ಮನುಷ್ಯನನ್ನೇ ಕೊಲ್ಲುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಇಂಥ ವಿಷ ಬೆರೆತ ಕಳ್ಳಭಟ್ಟಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಕಡೆಗಳಲ್ಲಿ ನೂರಕ್ಕೂ ಹೆಚ್ಚು ಜನರ ಸಾವಿನೊಡನೆ ಅದೇ ದುರಂತ ಮರುಕಳಿಸಿತು. ಮದ್ಯವನ್ನು ಮನೆಯಲ್ಲಿ ತಯಾರಿಸಿ ನೋಡುವ ಕುತೂಹಲ ಯಾವ ವಿದ್ಯಾರ್ಥಿಗೂ ಬೇಡ. ಆದುದರಿಂದ ಮೂರನೆಯ ಪದಾರ್ಥವನ್ನು ಇಲ್ಲಿಗೇ ಬಿಟ್ಟು ಶುಂಠಿಗೆ ಬರೋಣ.

ಹಸಿಶುಂಠಿಯನ್ನು ಉತ್ತರ ಕರ್ನಾಟಕದಲ್ಲಿ ‘ಅಲ್ಲ’ ಎನ್ನುವುದುಂಟು. ನಾವು ಅದನ್ನು ಬೇರೆಂದು ತಿಳಿಯುತ್ತೇವೆ. ವಾಸ್ತವವಾಗಿ ಅದು ನೆಲದೊಳಗೆ ಅಡ್ಡಡ್ಡಲಾಗಿ ಹರಿಯುವ ಕಾಂಡ. ಅದರ ಮೇಲಿನ ಗೆಣ್ಣುಗಳನ್ನೂ, ಪೊರೆಯಂಥ ಎಲೆಗಳ ಗುರುತನ್ನೂ, ಕಣ್ಣುಗಳನ್ನೂ ನೋಡಿದರೆ ಇದು ಸ್ಪಷ್ಟವಾಗುತ್ತದೆ, ಬೇರಿಗೆ ಗೆಣ್ಣುಗಳಿರುವುದಿಲ್ಲ. ಬೀದರ್, ಹಾಸನ, ಶಿವಮೊಗ್ಗ, ಕೊಡಗು ಜಿಲ್ಲೆಗಳ ರೈತರು ಕಣ್ಣಿರುವ ತುಂಡುಗಳನ್ನೇ ನೆಟ್ಟು ಬೆಳೆ ತೆಗೆಯುತ್ತಾರೆ. ಶುಂಠಿ ಬೀಜ ಕಟ್ಟುವುದಿಲ್ಲ. ಅದರ ಹೆಸರಿನ ಪ್ರಯಾಣವೂ ಸ್ವಾರಸ್ಯವಾದುದು. ಸಂಸ್ಕೃತದ ‘ಶೃಂಗವೇರ’ವೇ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹಾದು ಇಂಗ್ಲಿಷಿನ ‘ಜಿಂಜರ್’ ಆಯಿತೆಂದು ಹಿಂದೆ ಹೇಳುತ್ತಿದ್ದರು. ಆ ಶೃಂಗವೇರದ ಹಿಂದೆಯೇ ದ್ರಾವಿಡ ಭಾಷೆಯ ‘ಇಂಜಿ’ ಮತ್ತು ‘ವೇರ್’, ಎಂದರೆ ನಮ್ಮ ‘ಬೇರು’, ಅಡಗಿವೆಯೆಂಬುದು ಇಂದಿನ ಭಾಷಾಶಾಸ್ತ್ರಜ್ಞರ ಮತ.

ಶುಂಠಿಯ ಖಾರಕ್ಕೆ ಜಿಂಜರಾಲ್ ಎಂಬ ವಸ್ತು ಕಾರಣ. ಶುಂಠಿ ಒಣಗಿದಾಗ ಜಿಂಜರಾಲಿನ ಪ್ರತಿಯೊಂದು ಅಣುವೂ ಒಂದು ನೀರಿನ ಅಣುವನ್ನು ಕಳೆದುಕೊಂಡು ಶೋಗಾಲ್ ಆಗಿ ಮಾರ್ಪಡತೊಡಗುತ್ತದೆ. ಶೋಗಾ ಎಂದರೆ ಜಪಾನೀ ಭಾಷೆಯಲ್ಲಿ ಶುಂಠಿ. ಈ ಶೋಗಾಲ್ ಜಿಂಜರಾಲಿಗಿಂತ ಖಾರ. ಹಸಿಶುಂಠಿಗಿಂತ ಒಣಶುಂಠಿಯ ಕಷಾಯವು ಗಂಟಲನ್ನು ಹೆಚ್ಚು ಸುಡುವುದೇಕೆಂಬ ಪ್ರಶ್ನೆಗೆ ಇದು ಉತ್ತರ. ಬೇಯಿಸಿದಾಗಲಾದರೋ ಜಿಂಜರಾಲ್ ಒಡೆದು ಜಿಂಜರೋನ್ ಎಂಬ ಸೌಮ್ಯವಾದ, ತುಸು ಸಿಹಿಯಾದ ಕಂಪಿನ ವಸ್ತು ಉಂಟಾಗುತ್ತದೆ.

ಈ ಖಾರವು ರುಚಿಯೆ? ಶಾಸ್ತ್ರದ ದೃಷ್ಟಿಯಿಂದ ಅಲ್ಲ, ಅದು ಉರಿ. ನಮ್ಮ ಬಾಯಿಯ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಪ್ರೋಟೀನಿನ ಬಾಗಿಲುಗಳಿವೆ. ಸುಮಾರು 43 ಡಿಗ್ರಿಗೆ ಮೀರಿದ ಬಿಸಿ ತಗುಲಿದಾಗ ಅವು ತೆರೆದು ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿಯನ್ನು ಕಳುಹಿಸುತ್ತವೆ. ಮೆಣಸಿನಕಾಯಿಯ ಖಾರವೂ ಇದೇ ಬಾಗಿಲನ್ನು ತೆರೆಯುತ್ತದೆಂಬುದನ್ನು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್ ಎಂಬ ಅಮೆರಿಕದ ವಿಜ್ಞಾನಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಜಿಂಜರಾಲಿನ ಕೈಯಲ್ಲಿಯೂ ಅದೇ ಬಾಗಿಲಿನ ಬೀಗದ ಕೈ ಇದೆ. ಹೀಗಿರುವುದರಿಂದ ತಣ್ಣನೆಯ ಶುಂಠಿ ಪಾನಕವನ್ನು ಕುಡಿದಾಗ ನಾಲಗೆ ಒಂದೇ ಗಳಿಗೆಯಲ್ಲಿ ತಂಪಿನ ಸುದ್ದಿಯನ್ನೂ ಉರಿಯ ಸುದ್ದಿಯನ್ನೂ ಕಳುಹಿಸುತ್ತದೆ. ಮಿದುಳು ಸುಳ್ಳು ಸುದ್ದಿಯನ್ನು ನಂಬಿ ಹಣೆಯ ಮೇಲೆ ನಾಲ್ಕು ಹನಿ ಬೆವರನ್ನೂ ತರಿಸಬಹುದು. ಒಣಗಾಳಿಯಲ್ಲಿ ಆ ಬೆವರು ಬೇಗ ಆರುತ್ತದೆ.

ಶುಂಠಿಯನ್ನು ಜಜ್ಜಿ ಹಿಂಡಿದ ರಸವನ್ನು ಗಾಜಿನ ಲೋಟದಲ್ಲಿ ಅರ್ಧ ಗಂಟೆ ಕದಲಿಸದೆ ಇಟ್ಟರೆ ತಳದಲ್ಲಿ ಬಿಳಿಯ ಗಸಿ ನಿಲ್ಲುತ್ತದೆ. ಅನೇಕ ಮನೆಗಳಲ್ಲಿ ಇದನ್ನು ‘ಸುಣ್ಣ’ವೆಂದು ಕರೆದು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡು, ಗಸಿಯನ್ನು ಚೆಲ್ಲುತ್ತಾರೆ. ಬಸಿಯುವುದು ಒಳ್ಳೆಯದೇ, ಪಾನಕ ತಿಳಿಯಾಗುತ್ತದೆ. ಆದರೆ ಅದು ಸುಣ್ಣವಲ್ಲ, ಪಿಷ್ಟ. ಗಿಡವು ಮುಂದಿನ ಮೊಳಕೆಗೆಂದು ಕೂಡಿಟ್ಟ ಆಹಾರ. ನಂಬಿಕೆಯಾಗದಿದ್ದರೆ ಗಸಿಯ ಚಿಟಿಕೆಯಷ್ಟನ್ನು ನೀರಿನಲ್ಲಿ ಕದಡಿ, ಒಂದು ಕುದಿ ಬರಿಸಿ, ಆರಿದ ಮೇಲೆ ಔಷಧದ ಅಂಗಡಿಯ ಅಯೊಡಿನ್ ದ್ರಾವಣದ ಒಂದು ಹನಿಯನ್ನು ಬಿಡಿ. ಈಗ ಹೆಚ್ಚಾಗಿ ಸಿಗುವ ಪೊವಿಡೋನ್ ಅಯೊಡಿನ್ ಕೂಡ ನಡೆಯುತ್ತದೆ. ನೀರು ಗಾಢ ನೀಲಿಯಾಗುವುದು. ಸುಣ್ಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಈ ನೀಲಿ ನೀರನ್ನು ಚೆಲ್ಲಬೇಡಿ. ಅದಕ್ಕೆ ನಿಂಬೆಯ ರಸವನ್ನು ಹನಿ ಹನಿಯಾಗಿ ಬಿಡುತ್ತ, ಕಡ್ಡಿಯಿಂದ ಕದಡುತ್ತ, ಹನಿಗಳನ್ನು ಎಣಿಸಿ. ಒಂದು ಹಂತದಲ್ಲಿ ನೀಲಿ ಮಾಯವಾಗಿ ನೀರು ಬೆಳ್ಳಗಾಗುತ್ತದೆ. ನಿಂಬೆಯಲ್ಲಿರುವ ಸಿ ಜೀವಸತ್ವವು ಅಯೊಡಿನ್ನನ್ನು ಬಣ್ಣವಿಲ್ಲದ ಅಯೊಡೈಡಾಗಿ ಮಾರ್ಪಡಿಸುವುದೇ ಈ ಚಮತ್ಕಾರಕ್ಕೆ ಕಾರಣ. ರಸದಲ್ಲಿ ಜೀವಸತ್ವ ಹೆಚ್ಚಿದ್ದರೆ ಕೆಲವೇ ಹನಿಗಳು ಸಾಕು, ಕಡಿಮೆಯಿದ್ದರೆ ಬಹಳ ಹನಿಗಳು ಬೇಕು. ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನಿಂದ ಮಾಡುವ ಪರೀಕ್ಷೆಯೂ ತತ್ತ್ವದಲ್ಲಿ ಇದೇ. ಈಗಷ್ಟೇ ಹಿಂಡಿದ ರಸ, ಕುದಿಸಿ ಆರಿಸಿದ ರಸ, ಸ್ಟೀಲ್ ಲೋಟದಲ್ಲಿ ರಾತ್ರಿಯಿಡೀ ಇಟ್ಟ ರಸ, ತಾಮ್ರದ ಚರಿಗೆಯಲ್ಲಿ ರಾತ್ರಿಯಿಡೀ ಇಟ್ಟ ರಸ, ಈ ನಾಲ್ಕನ್ನೂ ಹೋಲಿಸಿ ನೋಡಿ. ನೀಲಿ ನೀರನ್ನೂ ತಾಮ್ರದ ರಸವನ್ನೂ ಬಾಯಿಗೆ ಹಾಕಕೂಡದು. ಹಾಗೆಯೇ ಅಯೊಡಿನ್ ಸೀಸೆಯನ್ನು ಮನೆಯ ಹಿರಿಯರ ಇಳಕಲ್ಲ ಸೀರೆಯ ಸೆರಗಿನಿಂದ ದೂರವಿಟ್ಟರೆ ಪ್ರಯೋಗವನ್ನು ಶಾಂತಿಯಿಂದ ಮುಗಿಸಬಹುದು. ನಾಲ್ಕನೆಯ ರಸಕ್ಕೆ ಬೇಕಾಗುವ ಹನಿಗಳ ಸಂಖ್ಯೆ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ಗಾಳಿಯ ಆಮ್ಲಜನಕವು ಸಿ ಜೀವಸತ್ವವನ್ನು ಕೆಡಿಸುತ್ತದೆ; ತಾಮ್ರದ ಲೇಶವಿದ್ದರೂ ಆ ಕೆಲಸ ಹಲವು ಪಟ್ಟು ಬೇಗ ನಡೆಯುತ್ತದೆ.

ಈ ಚಿಕ್ಕ ಸಂಗತಿಯನ್ನು ತಿಳಿಯದೆ ಹಿಂದೆ ಒಂದು ನೌಕಾಪಡೆ ದೊಡ್ಡ ಬೆಲೆಯನ್ನು ತೆತ್ತಿತು. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿಗಳನ್ನು ಕಾಣದ ನಾವಿಕರಿಗೆ ಒಸಡು ಊದಿ, ರಕ್ತ ಸೋರಿ, ಹಳೆಯ ಗಾಯಗಳು ಮತ್ತೆ ಬಾಯ್ದೆರೆದು, ಕೊನೆಗೆ ಸಾವು ಬರುತ್ತಿತ್ತು. ಸ್ಕರ್ವಿ ಎಂಬುದು ಆ ರೋಗದ ಹೆಸರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ‘ಸಾಲ್ಸ್‌ಬರಿ’ ಎಂಬ ಹಡಗಿನಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದನ್ನು ಕೊಟ್ಟು ನೋಡಿದನು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ವಾರದೊಳಗೆ ಚೇತರಿಸಿಕೊಂಡಿತು. ಆದರೂ ಬ್ರಿಟಿಷ್ ನೌಕಾಪಡೆ ಹಡಗುಗಳಲ್ಲಿ ನಿಂಬೆಯ ರಸವನ್ನು ಹಂಚಲು ನಿರ್ಧರಿಸಿದ್ದು 1795ರಲ್ಲಿ. ಸರಕಾರಿ ಕೆಲಸದ ನಿಧಾನ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುತ್ತದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೊದಲು ಬಳಸುತ್ತಿದ್ದುದು ಮೆಡಿಟರೇನಿಯನ್ ತೀರದ ದಪ್ಪ ಸಿಪ್ಪೆಯ ನಿಂಬೆ, ಎಂದರೆ ಲೆಮನ್. 1860ರ ದಶಕದಲ್ಲಿ ವೆಸ್ಟ್ ಇಂಡೀಸಿನ ತೋಟಗಳಲ್ಲಿ ಬೆಳೆಯುತ್ತಿದ್ದ ಸಣ್ಣ ನಿಂಬೆಗೆ, ಎಂದರೆ ಲೈಮ್ ಹಣ್ಣಿಗೆ, ಬದಲಾಯಿಸಿದರು. ಇದು ನಮ್ಮ ಕಾಗದಿ ನಿಂಬೆಯ ಜಾತಿ. ಹುಳಿಯೇ ಮದ್ದೆಂದು ಅಂದಿನವರ ತಿಳಿವಳಿಕೆ. ಲೈಮ್ ಹೆಚ್ಚು ಹುಳಿ, ಆದುದರಿಂದ ಅದೇ ಮೇಲೆಂದು ಭಾವಿಸಿದರು. ಆ ರಸವು ತಾಮ್ರದ ಕೊಳವೆಗಳಲ್ಲಿ ಹರಿದು, ಗಾಳಿ ಬೆಳಕುಗಳಿಗೆ ಒಡ್ಡಿಕೊಂಡು, ಬಹುಕಾಲ ಸಂಗ್ರಹದಲ್ಲಿದ್ದು ಹಡಗನ್ನು ಸೇರುತ್ತಿತ್ತು. ಹುಳಿ ಹಾಗೆಯೇ ಇತ್ತು, ಸತ್ವ ಹೋಗಿತ್ತು. 1875ರಲ್ಲಿ ಜಾರ್ಜ್ ನೇರ್ಸ್ ಎಂಬವರ ನಾಯಕತ್ವದಲ್ಲಿ ಉತ್ತರ ಧ್ರುವದ ಕಡೆ ಹೊರಟ ತಂಡ ಲೈಮ್ ರಸವನ್ನು ಹೊತ್ತಿದ್ದರೂ ಸ್ಕರ್ವಿಗೆ ತುತ್ತಾಗಿ 1876ರಲ್ಲಿ ಹಿಂತಿರುಗಬೇಕಾಯಿತು. ನಿಂಬೆಯ ರಸದಿಂದ ಏನೂ ಪ್ರಯೋಜನವಿಲ್ಲವೆಂದು ಅನೇಕ ವೈದ್ಯರೇ ನಂಬತೊಡಗಿದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಹೋದ್ಯೋಗಿಗಳು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ಮಾಡಿ, ಈ ವಿಷಯದಲ್ಲಿ ಲೈಮ್ ರಸ ಲೆಮನ್ ರಸಕ್ಕಿಂತ ಬಹಳ ದುರ್ಬಲವೆಂದು 1918ರಲ್ಲಿ ತೋರಿಸಿದ ಮೇಲೆಯೇ ಗೊಂದಲ ಬಿಡಿಸಿಕೊಂಡದ್ದು. ಸಿ ಜೀವಸತ್ವವನ್ನು ಬೇರ್ಪಡಿಸಿದ ಹಂಗೇರಿಯ ಸೆಂಟ್ ಜಾರ್ಜಿಯವರಿಗೆ 1937ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹುಳಿಗೂ ಜೀವಸತ್ವಕ್ಕೂ ಸಂಬಂಧವಿಲ್ಲ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು; ಅದನ್ನು ಸ್ವೀಡನ್ನಿನ ಶೀಲೆ 1784ರಲ್ಲಿಯೇ ಹರಳಾಗಿ ತೆಗೆದಿದ್ದನು. ಎರಡೂ ಒಂದೇ ಹಣ್ಣಿನಲ್ಲಿರುವುದರಿಂದ ಮನುಷ್ಯ ನೂರು ವರ್ಷ ಮೋಸಹೋದನು.

ಇನ್ನು ತಾಮ್ರದ ಬಟ್ಟಲು. ಕಪ್ಪಾದ ತಾಮ್ರದ ಕೊಡಕ್ಕೆ ಹುಣಿಸೆಹಣ್ಣನ್ನೋ ಹಿಂಡಿದ ನಿಂಬೆಯ ಹೋಳನ್ನೋ ಉಜ್ಜಿದರೆ ಅದು ಥಳಥಳಿಸುತ್ತದೆಂಬುದು ಎಲ್ಲರಿಗೂ ಗೊತ್ತು. ಕಪ್ಪು ಎಲ್ಲಿ ಹೋಯಿತು? ಆಮ್ಲದಲ್ಲಿ ಕರಗಿ, ತಾಮ್ರದ ಲವಣವಾಗಿ, ತೊಳೆದ ನೀರಿನೊಡನೆ ಹೋಯಿತು. ನಿಂಬೆ ಪಾನಕವನ್ನು ತಾಮ್ರದ ಬಟ್ಟಲಿಗೆ ಸುರಿದಿಟ್ಟಾಗಲೂ ಇದೇ ಕಾರ್ಯ ನಡೆಯುತ್ತದೆ; ಆದರೆ ತೊಳೆದ ನೀರನ್ನು ನಾವು ಕುಡಿಯುತ್ತೇವೆ. ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೈಯೆತ್ತಬಹುದು: ‘ಲೋಹಗಳ ಶ್ರೇಣಿಯಲ್ಲಿ ತಾಮ್ರ ಜಲಜನಕಕ್ಕಿಂತ ಕೆಳಗಿದೆ, ಸತುವಿನಂತೆ ಆಮ್ಲದಿಂದ ಜಲಜನಕವನ್ನು ಹೊರಡಿಸಲಾರದು, ಕರಗುವುದು ಹೇಗೆ?’ ಪ್ರಶ್ನೆ ಸರಿಯಾದುದು. ತಾಮ್ರವನ್ನು ನೇರವಾಗಿ ಕರಗಿಸುವುದು ನಿಂಬೆಯ ಆಮ್ಲವಲ್ಲ. ನೀರಿನಲ್ಲಿ ವಿಲೀನವಾಗಿರುವ ಆಮ್ಲಜನಕ ಮೊದಲು ತಾಮ್ರವನ್ನು ಉತ್ಕರ್ಷಿಸುತ್ತದೆ. ಹಾಗೆ ಉಂಟಾದ ಆಕ್ಸೈಡನ್ನು ಆಮ್ಲ ಕರಗಿಸುತ್ತದೆ. ಸಿಟ್ರೇಟ್ ತಾಮ್ರದ ಅಯಾನನ್ನು ಬಿಗಿಯಾಗಿ ಹಿಡಿದುಕೊಂಡು ಈ ವ್ಯವಹಾರ ಮುಂದುವರಿಯುವಂತೆ ಮಾಡುತ್ತದೆ.

ತಾಮ್ರ ನಮ್ಮ ದೇಹಕ್ಕೆ ಬೇಕಾದ ಧಾತುವೇ. ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದರೆ ಓಕರಿಕೆ, ವಾಂತಿ, ಹೊಟ್ಟೆನುಲಿತ. 2017ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಅಬಕಾರಿ ಇಲಾಖೆ, ಮಾಸ್ಕೋದ ಹೇಸರಗತ್ತೆಯನ್ನು ಬರಿಯ ತಾಮ್ರದ ಬಟ್ಟಲಿನಲ್ಲಿ ಕೊಡಕೂಡದೆಂದು ಎಚ್ಚರಿಕೆಯನ್ನು ಹೊರಡಿಸಿತು. ಪಿಎಚ್ ಅಳತೆಯಲ್ಲಿ 6ಕ್ಕಿಂತ ಕೆಳಗಿನ ಹುಳಿ ಪದಾರ್ಥಗಳಿಗೆ ತಾಮ್ರ ತಗುಲಬಾರದೆಂಬುದು ಅಲ್ಲಿನ ಆಹಾರ ನಿಯಮ. ನಿಂಬೆಯ ರಸದ ಅಳತೆ 2ರ ಆಸುಪಾಸು. ಈ ವಾರ್ತೆಯನ್ನು ಓದಿದಾಗ ನಮಗೆ ನೆನಪಾದದ್ದು ಬೀದಿಯಲ್ಲಿ ತಿದಿ ಒತ್ತುತ್ತ ಕುಳಿತಿರುತ್ತಿದ್ದ ಕಲಾಯಿಯವನು. ಕಾಯ್ದ ಪಾತ್ರೆಯೊಳಗೆ ನವಸಾಗರದ ಪುಡಿ ಎರಚಿ, ಬಿಳಿಯ ಹೊಗೆಯ ನಡುವೆ ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒರಸಿದರೆ ಹಿತ್ತಾಳೆ ತಾಮ್ರಗಳ ಒಳಮೈ ಬೆಳ್ಳಿಯಂತಾಗುತ್ತಿತ್ತು. ನವಸಾಗರವು ಲೋಹದ ಮೇಲಿನ ಆಕ್ಸೈಡನ್ನು ತೊಡೆದುಹಾಕುತ್ತದೆ, ತವರ ಹಿಡಿಯುತ್ತದೆ. ಹುಳಿ ಸಾರನ್ನು ಕಲಾಯಿಯಿಲ್ಲದ ಪಾತ್ರೆಯಲ್ಲಿ ಮಾಡಕೂಡದೆಂಬ ಅಜ್ಜಿಯಂದಿರ ಕಟ್ಟಳೆ ಅಯೋವಾದ ಕಟ್ಟಳೆಯೇ. ಬರಿಯ ನೀರನ್ನು ತಾಮ್ರದ ಕೊಡದಲ್ಲಿಡುವುದು ಬೇರೆ ಮಾತು. ಕರಗುವ ತಾಮ್ರ ಅತ್ಯಲ್ಪ, ಅದು ರೋಗಾಣುಗಳನ್ನು ಕೊಲ್ಲಲು ನೆರವಾಗುವುದೂ ಉಂಟು. ಕೊಡಕ್ಕೆ ನೀರು, ಪಾನಕಕ್ಕೆ ಗಾಜು ಅಥವಾ ಸ್ಟೀಲು.

ನೀರನ್ನು ತಂಪುಮಾಡಲು ಮಂಜುಗಡ್ಡೆಗಿಂತ ಮಣ್ಣಿನ ಗಡಿಗೆಯೇ ನಮಗೆ ಮೆಚ್ಚು. ಬಜಾರಿನ ಮಂಜುಗಡ್ಡೆ ಯಾವ ನೀರಿನಿಂದ ಆಯಿತೆಂಬುದು ತಿಳಿಯದು, ಘನೀಭವಿಸಿದ ಮಾತ್ರಕ್ಕೆ ರೋಗಾಣುಗಳು ಸಾಯುವುದೂ ಇಲ್ಲ. ಗಡಿಗೆ ಬೆವರುತ್ತದೆ, ಯಾತ್ರಿಕನ ಬೆನ್ನು ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಒಸರಿ ಹೊರಮೈಯಲ್ಲಿ ಆರುವಾಗ ಬೇಕಾಗುವ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಲೆಕ್ಕವನ್ನು ನೀವೇ ಮಾಡಬಹುದು. 10 ಲೀಟರ್ ನೀರನ್ನು 35 ಡಿಗ್ರಿಯಿಂದ 25 ಡಿಗ್ರಿಗೆ ಇಳಿಸಲು 1,00,000 ಕೆಲೊರಿ ಶಾಖವನ್ನು ತೆಗೆಯಬೇಕು. ಗ್ರಾಮಿಗೆ 580ರಂತೆ ಸುಮಾರು 172 ಗ್ರಾಂ ನೀರು ಆರಿದರೆ ಸಾಕು. ಒಂದು ಲೋಟದಷ್ಟು! ಹೊರಗಿನ ಬಿಸಿ ಎಡೆಬಿಡದೆ ಒಳಗೆ ಬರುತ್ತಿರುವುದರಿಂದ ವಾಸ್ತವವಾಗಿ ಇನ್ನಷ್ಟು ಬೇಕಾಗುವುದು. ಈ ತಂಪಿಗೆ ಒಂದು ಮಿತಿಯುಂಟು, ಅದನ್ನು ಗೊತ್ತುಮಾಡುವುದು ಗಾಳಿಯ ತೇವ. 40 ಡಿಗ್ರಿ ಬಿಸಿಯ, ನೂರಕ್ಕೆ 20ರಷ್ಟು ಮಾತ್ರ ತೇವವಿರುವ ಬಾದಾಮಿಯ ಮಧ್ಯಾಹ್ನದಲ್ಲಿ ಗಡಿಗೆಯ ನೀರು ಸಿದ್ಧಾಂತದ ಪ್ರಕಾರ 23 ಡಿಗ್ರಿಯ ಹತ್ತಿರದವರೆಗೆ ಇಳಿಯಬಲ್ಲದು. ಮಂಗಳೂರಿನಲ್ಲಿ ಬಿಸಿ 33 ಡಿಗ್ರಿಯೇ ಇದ್ದರೂ ತೇವ 75ರಷ್ಟಿದ್ದರೆ 29 ಡಿಗ್ರಿಗಿಂತ ಕೆಳಗೆ ಇಳಿಯದು. ಕರಾವಳಿಯ ಸೆಕೆಯಲ್ಲಿ ಮೈಬೆವರು ಆರದೆ ಹರಿಯುವುದಕ್ಕೂ ಇದೇ ಕಾರಣ. ಗಡಿಗೆಯಲ್ಲಿ ನೀರನ್ನಷ್ಟೇ ಇಡತಕ್ಕದ್ದು. ಪಾನಕವನ್ನೇ ತುಂಬಿದರೆ ಸಕ್ಕರೆ ರಂಧ್ರಗಳಲ್ಲಿ ಸೇರಿ, ಯೀಸ್ಟ್ ಮನೆ ಮಾಡಿ, ಗಡಿಗೆ ಹುಳಿಯುತ್ತದೆ.

ಹಾಗೆ ಹುಳಿಯಿಸಿಯೇ ಇಂಗ್ಲೆಂಡಿನವರು ಹಿಂದೆ ಮನೆಗಳಲ್ಲಿ ಶುಂಠಿಯ ನೊರೆನೀರನ್ನು ಮಾಡುತ್ತಿದ್ದರು. ಯೀಸ್ಟ್ ಮತ್ತು ಬ್ಯಾಕ್ಟೀರಿಯಗಳು ಒಂದಾಗಿ ಬಾಳುವ ಅದರ ಹುದುಗನ್ನು ಮಾರ್ಷಲ್ ವಾರ್ಡ್ 1892ರಲ್ಲಿ ವಿವರಿಸಿದನು. ಇಂಗಾಲಾಮ್ಲ ವಾಯುವಿನ ಒತ್ತಡಕ್ಕೆ ಸೀಸೆ ಸಿಡಿಯುವ ಭಯವಿರುವುದರಿಂದ ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ನೊರೆಯೇ ಬೇಕೆನ್ನುವವರಿಗೆ ಸೋಡಾ ಇದ್ದೇ ಇದೆ.

ಈಗ ಪಾನಕ. ಐದಾರು ಜನರಿಗೆ ಒಂದು ಲೀಟರ್ ನೀರು ಸಾಕು. ಕುದಿಸಿ ಆರಿಸಿ, ಹಿಂದಿನ ರಾತ್ರಿಯೇ ಗಡಿಗೆಗೆ ಹಾಕಿಟ್ಟ ನೀರು. ಮಹಾಲಿಂಗಪುರದ ಬೆಲ್ಲ ಈ ಜಿಲ್ಲೆಯದೇ. ಅದರಲ್ಲಿ 60, 70 ಗ್ರಾಮನ್ನು ಕುಟ್ಟಿ, ಸ್ವಲ್ಪ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿದರೆ ಮರಳು, ಕಬ್ಬಿನ ಸಿಬಿರು ಉಳಿಯುತ್ತವೆ. ಹೆಬ್ಬೆರಳಿನಷ್ಟು ಹಸಿಶುಂಠಿಯನ್ನು ಜಜ್ಜಿ ಹಿಂಡಿ, ಗಸಿಯನ್ನು ಬಿಟ್ಟು ತಿಳಿಯನ್ನು ಸೇರಿಸಿ. ಕಾಲು ಚಮಚ ಉಪ್ಪು, ಒಂದು ಏಲಕ್ಕಿಯ ಪುಡಿ. ಕಟ್ಟಕಡೆಗೆ ಮೂರು ನಿಂಬೆಹಣ್ಣುಗಳ ರಸ. ಇಂಡಿ ತಾಲೂಕಿನ ತೆಳು ಸಿಪ್ಪೆಯ ಹಣ್ಣು ಸಿಕ್ಕಿದರೆ ಇನ್ನೂ ಲೇಸು. ನಿಂಬೆಯನ್ನು ಕಡೆಗೆ ಹಿಂಡುವುದೇಕೆಂಬುದನ್ನು ಅಯೊಡಿನ್ನಿನ ಪ್ರಯೋಗವನ್ನು ಮಾಡಿದವರಿಗೆ ಹೇಳಬೇಕಾಗಿಲ್ಲ.

ಸಿಹಿ ಇಷ್ಟೇ ಸಾಕೆ ಎಂದು ಕೆಲವರು ಕೇಳಬಹುದು. ಸಾಕು, ಮತ್ತು ಅದಕ್ಕೆ ಕಾರಣವುಂಟು. ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಒಳಗೆ ದಾಟಿಸುವ ಒಂದು ವ್ಯವಸ್ಥೆಯಿದೆ. ಅವೆರಡರ ಹಿಂದೆ ನೀರು ತಾನಾಗಿ ಒಳಬರುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಇದನ್ನು ಮೊದಲು ಪ್ರತಿಪಾದಿಸಿದರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣಜಲ ಮುಗಿದುಹೋದಾಗ, ಡಾ. ದಿಲೀಪ್ ಮಹಲನೋಬಿಸರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿನ ಪ್ರಮಾಣವನ್ನು ನೂರಕ್ಕೆ ಸುಮಾರು 30ರಿಂದ 4ರೊಳಗೆ ಇಳಿಸಿದರು. ಸಿಹಿ ವಿಪರೀತವಾದರೆ ಕೆಲಸ ತಿರುಗುಮುರುಗಾಗುತ್ತದೆ. ಗಟ್ಟಿ ಸಕ್ಕರೆನೀರು ಕರುಳಿನಲ್ಲಿ ನಿಂತು ರಕ್ತದ ನೀರನ್ನೇ ತನ್ನ ಕಡೆಗೆ ಎಳೆಯುತ್ತದೆ. ಮಾರುಕಟ್ಟೆಯ ಗಟ್ಟಿ ಶರಬತ್ತು ಬಾಯಾರಿಕೆಯನ್ನು ಹಿಂಗಿಸದಿರುವುದು ಇದರಿಂದಲೇ. ವಾಂತಿಭೇದಿಯಾದವರಿಗೆ ಪಾನಕವನ್ನು ನಂಬಿ ಕೂರದೆ ಓ.ಆರ್.ಎಸ್. ಪೊಟ್ಟಣವನ್ನೇ ಕೊಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ಬಿಸಿಲಿಗೆ ಬಿದ್ದು ಎಚ್ಚರ ತಪ್ಪಿದವರ ಬಾಯಿಗೆ ಯಾವ ಪಾನಕವನ್ನೂ ಸುರಿಯಕೂಡದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಅವರನ್ನು ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಹಾಕುತ್ತ, ಆಸ್ಪತ್ರೆಗೆ ಸಾಗಿಸತಕ್ಕದ್ದು.

ಪಾನಕವನ್ನು ಮಾಡಿದ ಗಂಟೆಯೊಳಗೆ ಕುಡಿದುಬಿಡಬೇಕು. ನಿಂಬೆಯನ್ನು ಬೀಜ ಸಿಪ್ಪೆಗಳ ಸಹಿತ ಜಬರ್ದಸ್ತಿಯಿಂದ ಹಿಂಡಿದರೆ ಅವುಗಳಲ್ಲಿರುವ ಕಹಿಯಿಲ್ಲದ ಒಂದು ವಸ್ತು ರಸಕ್ಕಿಳಿದು, ಆಮ್ಲದ ಸಂಗದಲ್ಲಿ ನಿಧಾನವಾಗಿ ಲಿಮೊನಿನ್ ಎಂಬ ಕಹಿವಸ್ತುವಾಗುತ್ತದೆ. ಬೆಳಗ್ಗೆ ಸವಿಯಾಗಿದ್ದ ಪಾನಕ ಮಧ್ಯಾಹ್ನಕ್ಕೆ ಕಹಿಯಾದಾಗ ಬೆಲ್ಲವನ್ನು ದೂರಬೇಡಿ. ಹಿಂಡಿದ ಕೈಯನ್ನು ವಿಚಾರಿಸಿ.